ಹದಿನಾರನೆಯ ಕಾರು

“ನಿಲ್ಸಿ, ನಿಲ್ಸಿ” ಎಂದು ಚಿಕ್ಕಪ್ಪ ವ್ಯಾನಿನ ಬೆನ್ನಿಗೆ ಎರಡು ಸಲ ಬಡಿದರು. ಶವದ ವ್ಯಾನು ಬೂದು ಬಣ್ಣದ ಕಾರಿಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. “ಬೆಳಿಗ್ಗೆ ಆರಕ್ಕೆ ನಾನು ಬಂದಾಗ ಇಲ್ಲಿ ಒಂದು ನೊಣಾನೂ ಇರಲಿಲ್ಲ. ಇಷ್ಟೂ ಕಾರು ಯಾವಾಗ ಒಳಗೆ ಬಿಟ್ರಿ?”

ಯಾವಾಗ ಎಂಬುದು ಮಗಳಿಗೆ ಗೊತ್ತಿತ್ತು. ಹಿಂದಿನ ಕೋಣೆಯಲ್ಲಿ ಅಪ್ಪನ ದೇಹಕ್ಕೆ ಅಂಗಿ ತೊಡಿಸುತ್ತಿದ್ದಾಗ ಒಂದೊಂದೇ ಕಾರು ಒಳಬರುವ ಸದ್ದು ಕೇಳಿತ್ತು. ಹದಿನಾರು. ಗಿರಾಕಿಗಳು ತಾವೇ ನಿಲ್ಲಿಸಿ, ಕೀ ಕೊಟ್ಟು ಕಚೇರಿಗಳಿಗೆ ಹೋಗಿದ್ದರು. ಗೇಟಿನಲ್ಲಿ ನಿಂತು ಕೈ ಬೀಸಿದವನು ಪಾರ್ಕಿಂಗ್ ಮಾಲೀಕ. ಮೂವತ್ತೊಂದು ವರ್ಷ ಅಪ್ಪ ಮಾಡಿದ ಕೆಲಸ ಅದು. ಕೆಲಸ ಈ ಅಂಗಳದಲ್ಲಿ, ಸಂಸಾರ ಹಿಂದಿನ ಕೋಣೆಯಲ್ಲಿ.

ಮಾಲೀಕ ಕುತ್ತಿಗೆ ಒರೆಸಿಕೊಳ್ಳುತ್ತ ಬಂದ. “ಕಾಯಂ ಗಿರಾಕಿಗಳಮ್ಮ, ಬೇಡ ಅನ್ನಕ್ಕಾಗುತ್ತಾ? ಅವನಿದ್ದಿದ್ರೆ ಐದು ನಿಮಿಷದ ಕೆಲಸ.”

“ವ್ಯಾನಿನೊಳಗೇ ಮಲಗಿದಾನೆ, ಎಬ್ಬಿಸಿ” ಎಂದರು ಚಿಕ್ಕಪ್ಪ.

“ಹನ್ನೊಂದಕ್ಕೆ ಚಿತಾಗಾರದಲ್ಲಿ ನಮ್ಮ ಸರದಿ” ಎಂದಳು ಮಗಳು. “ತಪ್ಪಿದ್ರೆ ನಾಳೆ.” ಆಗಲೇ ಹತ್ತಾಗಿತ್ತು.

“ಊಟದ ಹೊತ್ತಿಗೆ ಒಂದೆರಡು ಕಾರು ಹೋಗ್ತವೆ. ಅಲ್ಲೀತನಕ ಸ್ವಲ್ಪ…”

*

ಮಗಳ ಮುಖ ನೋಡಿ ಅಪ್ಪ ಒಮ್ಮೆಯೂ ಸೋತವನಲ್ಲ. ಸಂಜೆ ಕಾರುಗಳ ನಡುವೆ ಮುಟ್ಟಾಟ; ಯಾವ ಕಾರಿಗೆ ಬಟ್ಟೆ ತಗುಲಿದರೂ ಔಟ್. ಆರು ವರ್ಷದವಳ ಹಿಂದೆ ಅವನು ಕಳ್ಳನ ಬೆನ್ನು ಹತ್ತಿದವನಂತೆ ಓಡುತ್ತಿದ್ದ. ಅವಳು ಅತ್ತರೆ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: “ಒಂದ್ಸಲ ಸೋತ್ರೆ ನಿಮ್ಮ ಗಂಟೇನು ಹೋಗುತ್ತೆ?”

“ನಾನು ಸೋತು ಕೊಟ್ರೆ ಅದು ಅವಳ ಗೆಲುವು ಹೇಗಾಗುತ್ತೆ?”

ಓಡಿ ಸುಸ್ತಾದ ಮೇಲೆ ಜೇಬಿನಿಂದ ಅಂಗೈಯಗಲದ ಪ್ಲಾಸ್ಟಿಕ್ ಚೌಕಟ್ಟು ಹೊರಬರುತ್ತಿತ್ತು. ಹದಿನೈದು ಬಿಲ್ಲೆ, ಒಂದು ಖಾಲಿ ಮನೆ. ಬಿಲ್ಲೆ ಸರಿಸುತ್ತ ಅಂಕಿಗಳನ್ನು ಕ್ರಮಕ್ಕೆ ತರಬೇಕು; ಬೇಗ ತಂದವರು ಗೆದ್ದಂತೆ. “ಅಂಕಿ ನೋಡ್ಬೇಡ, ಖಾಲಿ ಮನೆ ಎಲ್ಲಿದೆ ನೋಡು. ಅದೊಂದಿದ್ರೆ ಎಂಥ ಸಿಕ್ಕಾದ್ರೂ ಬಿಡಿಸ್ಬಹುದು.” ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಸಂಜೆ ಅವಳು ಗೆದ್ದಳು. ಅಪ್ಪ ಚೌಕಟ್ಟನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಮರುದಿನ ಮಾತ್ರ ಕಾರು ಬಿಡಲು ಬಂದವರಿಗೆಲ್ಲ ಹೇಳಿದ: “ನಿನ್ನೆ ನನ್ನ ಮಗಳು ನಂಗೆ ಮಣ್ಣು ಮುಕ್ಕಿಸಿದ್ಲು ಸ್ವಾಮಿ.”

ಅಂಗಳವೂ ಹಾಗೆಯೇ ಇತ್ತು. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಹದಿನೈದು ಕಾರು. ಗೇಟಿನ ಬಳಿಯ ಹದಿನಾರನೆಯ ಜಾಗ ಸದಾ ಖಾಲಿ. ಹೋದ ವರ್ಷ ಮಾಲೀಕ ಅದನ್ನೂ ಬಾಡಿಗೆಗೆ ಕೊಟ್ಟ.

“ಆಗಲ್ಲ ಅಂತ ಹೇಳಪ್ಪ” ಎಂದಿದ್ದಳು ಮಗಳು.

“ಯಾಕಾಗಲ್ಲ? ಒಂದನ್ನ ರಸ್ತೆಗೆ ಬಿಟ್ಟು ಬಂದು ಇನ್ನೊಂದನ್ನ ತೆಗೆದ್ರಾಯ್ತು.”

“ಇದು ಆಟ ಅಲ್ಲ. ಐವತ್ತೆಂಟು ನಿಂಗೆ. ಅವ್ನು ನಿನ್ನ ಓಡಿಸ್ತಿದಾನೆ.”

“ಓಡೋದು ನಂಗೆ ಯಾರೂ ಹೇಳ್ಕೊಡ್ಬೇಕಿಲ್ಲ” ಎಂದು ನಕ್ಕಿದ್ದ.

‘ಆಗಲ್ಲ’ ಎನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ಅದು ಮಾಲೀಕನಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ರಸ್ತೆಯ ತುದಿಯಿಂದ ಓಡಿಬರುತ್ತ ಅಪ್ಪ ಗೇಟಿನ ಹತ್ತಿರ ಬಿದ್ದ. ಮುಷ್ಟಿ ಬಿಡಿಸಿದಾಗ ಯಾರದೋ ಕಾರಿನ ಕೀ ಇತ್ತು.

*

“ಅಂಥವನು ಇನ್ನು ಹುಟ್ಟಲ್ಲ ಬಿಡಿ” ಎನ್ನುತ್ತಿದ್ದ ಮಾಲೀಕ. “ಎಷ್ಟು ತುಂಬಿದ್ರೂ ಒಂದಿನ ಆಗಲ್ಲ ಅಂದವನಲ್ಲ.”

ಮಗಳು ಅವನಿಗೆ ಬೆನ್ನು ತಿರುಗಿಸಿದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಕೀಗಳ ಹಲಗೆಯತ್ತ ಹೊರಟಳು. ಅಷ್ಟರಲ್ಲಿ ಅಮ್ಮ ಆ ಹಲಗೆಯನ್ನು ಗೋಡೆಯಿಂದ ಕಿತ್ತು ಎದೆಗಾನಿಸಿಕೊಂಡು ನಿಂತಿದ್ದಳು.

“ಯಾವುದು ಮೊದ್ಲು?” ಎಂದಳು.

“ಹದಿನಾರು.”

“ರಸ್ತೆಗೆ ಬಿಟ್ರೆ ದಂಡ ಹಾಕ್ತಾರಮ್ಮ” ಎಂದ ಮಾಲೀಕ.

“ನಿಮಗೆ ತಾನೆ?” ಎಂದಳು ಅಮ್ಮ.

ನಾಲ್ಕು ಕಾರು ಹೊರಹೋದ ಮೇಲೆ ವ್ಯಾನಿಗೆ ದಾರಿಯಾಯಿತು. “ಸಾಕು, ಹೊರಡಿ” ಎಂದು ಮಾಲೀಕ ಉಸಿರು ಬಿಟ್ಟ. ಮಗಳು ಅಮ್ಮನ ಮುಂದೆ ಮತ್ತೆ ಕೈ ಚಾಚಿದಳು. ಅಮ್ಮ ಹದಿನೈದರ ಕೀ ಕೊಟ್ಟಳು.

“ದಾರಿ ಆಯ್ತಲ್ಲ. ಇನ್ಯಾಕೆ?”

ಲಾರಿ ಓಡಿಸಿ ಸವೆದ ಕೈಯನ್ನು ಚಿಕ್ಕಪ್ಪ ಹದಿನಾಲ್ಕಕ್ಕೆ ಚಾಚಿದರು. ವ್ಯಾನಿನ ಡ್ರೈವರ್ ಮಗಳ ಮುಖ ನೋಡಿದ, ಗಡಿಯಾರ ನೋಡಿದ, ಎಂಜಿನ್ ಆರಿಸಿದ. “ನಂಗೇನೂ ಅವಸರ ಇಲ್ಲ. ಇಲ್ಲಿಂದ ಹತ್ತೇ ನಿಮಿಷ.”

ಹತ್ತು ನಲವತ್ತಕ್ಕೆ ಅಂಗಳದಲ್ಲಿ ವ್ಯಾನಲ್ಲದೆ ಏನೂ ಉಳಿದಿರಲಿಲ್ಲ. ಮಗಳು ಹದಿನಾರು ಕೀಗಳನ್ನೂ ಮಾಲೀಕನ ಬೊಗಸೆಗೆ ಸುರಿದಳು. ಕೀಗಳಿಗೆ ಕಟ್ಟಿದ್ದ ತಗಡುಗಳಲ್ಲಿ ಅಂಗಳದ ಜಾಗದ ಅಂಕಿಗಳಷ್ಟೇ ಇದ್ದವು. ರಸ್ತೆಯಲ್ಲಿ ಅವು ಯಾವ ಕೆಲಸಕ್ಕೂ ಬರುವಂತಿರಲಿಲ್ಲ.

“ಯಾವ ಕೀ ಯಾವ ಕಾರಿಂದು? ನಾನೊಬ್ನೇ ಹೇಗಮ್ಮ ಮಾಡ್ಲಿ?”

“ಆಗಲ್ಲ ಅನ್ಬೇಡಿ” ಎಂದು ಅವಳು ಅಮ್ಮನನ್ನು ಹತ್ತಿಸಿ ತಾನೂ ಹತ್ತಿದಳು.

ವ್ಯಾನು ರಸ್ತೆಗಿಳಿಯಿತು. ಹಿಂದಿನ ಗಾಜಿನಲ್ಲಿ ಮಾಲೀಕ ಕಾಣುತ್ತಿದ್ದ. ಬಸ್ಸೊಂದು ನುಗ್ಗಲಾರದೆ ಹಾರ್ನ್ ಒತ್ತಿ ಹಿಡಿದಿತ್ತು. ಅವನು ಒಂದು ಕೀಯ ಗುಂಡಿ ಒತ್ತಿದ. ಸಾಲಿನ ಆ ತುದಿಯಲ್ಲಿ ಬಿಳಿ ಕಾರೊಂದು ಕುಂಯ್ ಎಂದಿತು. ಅಲ್ಲಿಗೆ ಓಡಿದ. ಅರ್ಧ ದಾರಿಯಲ್ಲಿ ಎರಡು ಕೀ ಕೆಳಗೆ ಬಿದ್ದವು. ಹೆಕ್ಕಲು ಬಗ್ಗಿದವನು ಮೊಣಕಾಲುಗಳಿಗೆ ಕೈಯೂರಿ, ಬಾಯಿ ತೆರೆದು ಹಾಗೇ ನಿಂತ. ಬಸ್ಸು ಮತ್ತೆ ಕಿರುಚಿತು. ಅವನು ಓಡತೊಡಗಿದ.