ಹಿಂದಿನ ಸೀಟಿನಲ್ಲಿ ಕೂರುವವಳು

ಕಟಕಟ, ಕಟಕಟ. ಪೇಂಟರನ ಬೈಕು ಬಂತೆಂದು ತಿಳಿಯಲು ಗಲ್ಲಿಯಲ್ಲಿ ಯಾರೂ ತಲೆ ಎತ್ತಬೇಕಿರಲಿಲ್ಲ. ಆ ಸದ್ದಿಗೆ ಅವನ ಹೆಂಡತಿಯ ಎದೆ ಮಾತ್ರ ಡವಡವ ಎನ್ನುತ್ತಿತ್ತು. ದಿನಾ ಅವನ ಹಿಂದೆ ಕೂತು ಹೊಲಿಗೆ ಕಾರ್ಖಾನೆಗೆ ಹೋಗುವವಳು ಅವಳೇ. ಚೈನು ಬದಲಾಯಿಸಿ ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕಂಡವರ ಗೋಡೆಗೆಲ್ಲ ಎರಡೆರಡು ಕೋಟು ಬಳಿಯುವ ಈ ಮಹರಾಯ ತನ್ನ ಚೈನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟವನಲ್ಲ.

"ಸಡಿಲ ಆಗಿದೆ ಕಣೇ, ಅಷ್ಟೇ. ಬಿಗಿ ಮಾಡಿದ್ರೆ ಆಯ್ತು," ಎಂದು ಅವತ್ತೂ ಸ್ಪಾನರ್ ಹಿಡಿದು ಕೂತ.

ಪಕ್ಕದ ಮನೆಯ ಬ್ರೆಡ್ಡಿನಣ್ಣ ಬಂದು ನಿಂತ. ಅವನ ಗಾಡಿಯಲ್ಲಿ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಈಗ ಬ್ರೆಡ್ಡಿನ ಪೆಟ್ಟಿಗೆ ಇರುತ್ತದೆ.

"ನಾನೂ ಬಿಗಿ ಮಾಡ್ತಾನೇ ಇದ್ದೆ, ತಮ್ಮಾ," ಎಂದ. "ಸವೆದಿದ್ದು ಎಷ್ಟು ಬಿಗಿ ಮಾಡಿದ್ರೂ ಸವೆದಿದ್ದೇ. ಸೇತುವೆ ಮೇಲೆ ಕಿತ್ಕೊಂಡು ಚಕ್ರಕ್ಕೆ ಸಿಕ್ಕಾಕ್ಕೊಳ್ತು. ಬಿದ್ವಿ. ನಾನು ಎದ್ದೆ. ಅವಳು ಏಳಲಿಲ್ಲ."

ಪೇಂಟರ್ ಸ್ಪಾನರ್ ಕೆಳಗಿಟ್ಟ. ಅಣ್ಣ ಬೈಕಿನ ಕೀ ತೆಗೆದು ಪೇಂಟರನ ಹೆಂಡತಿಯ ಕೈಗೆ ಕೊಟ್ಟ. ಎಂಜಿನ್ ಓಡುವಾಗ ಚೈನಿನ ಹತ್ತಿರ ಬೆರಳು ಇಡಲೇಬಾರದು ಎಂದ. ಹಿಂಚಕ್ರದ ಹಲ್ಲುಗಾಲಿಯ ಹಿಂಬದಿಯಲ್ಲಿ ಅವನು ಚೈನನ್ನು ಹಿಡಿದು ಎಳೆದಾಗ ಅದು ಮೇಲೆದ್ದು ಅರ್ಧ ಹಲ್ಲು ಕಂಡಿತು. ಇಷ್ಟು ಕಂಡರೆ ಹೊಸ ಚೈನೇ ಬೇಕು, ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಹಲ್ಲುಗಾಲಿಗಳೂ ಹೊಸವು ಬೇಕು ಎಂದ. ಇವನ ಹಲ್ಲುಗಾಲಿಗಳು ಪುಣ್ಯಕ್ಕೆ ಇನ್ನೂ ನೆಟ್ಟಗಿದ್ದವು. ಪೇಂಟರ್ ನಡೆದೇ ಹೋಗಿ ಅದೇ ಅಳತೆಯ ಚೈನು ತಂದ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದರು. ಹಿಂಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದರು. ಇಕ್ಕಳದಿಂದ ಹಳೆ ಚೈನಿನ ಎರಡು ತುದಿ ಜೋಡಿಸಿದ್ದ ಲಾಕ್ ಬಿಚ್ಚಿ, ಅದರ ತುದಿಗೆ ಹೊಸದನ್ನು ಸಿಕ್ಕಿಸಿ ಮೆಲ್ಲಗೆ ಎಳೆದರು. ಹಳೆಯದು ಹೊರಗೆ ಬಂದಂತೆ ಹೊಸದು ಒಳಗೆ ಹೋಯಿತು. ಆಮೇಲೆ ಹಳೆಯದನ್ನು ಬಿಡಿಸಿ, ಹೊಸದರ ತುದಿಗಳನ್ನು ಹೊಸ ಲಾಕಿನಿಂದ ಸೇರಿಸಿ, ಪೇಂಟರ್ ಅದರ ಕ್ಲಿಪ್ಪನ್ನು ಉಲ್ಟಾ ಹಾಕಹೋದ. ಅಣ್ಣ ಅವನ ಕೈ ಹಿಡಿದ.

"ಮೀನು ಈಜೋದು ನೋಡಿದೀಯಲ್ಲ? ತಲೆ ಮುಂದೆ, ಬಾಲ ಹಿಂದೆ. ಚೈನು ಓಡೋ ಕಡೆಗೆ ಕ್ಲಿಪ್ಪಿನ ಮುಚ್ಚಿದ ತಲೆ. ಸೀಳಿದ ಬಾಲ ಹಿಂದಕ್ಕೆ."

ಚಕ್ರವನ್ನು ಹಿಂದಕ್ಕೆಳೆದು ಎರಡೂ ಬದಿಯಲ್ಲಿ ಒಂದೇ ಗುರುತಿಗೆ ತಂದರು. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಸಡಿಲ ಬಿಟ್ಟು, ನಟ್ಟು ಬಿಗಿದು, ಚೈನಿಗೆ ಎಣ್ಣೆ ಹಾಕಿದರು. ಕೈಯಲ್ಲಿ ತಿರುಗಿಸಿದರೆ ಕಟಕಟ ಇಲ್ಲ.

"ಕೀ ಕೊಡೇ," ಎಂದ ಪೇಂಟರ್, ತಲೆ ತಗ್ಗಿಸಿ. "ಇನ್ಮೇಲೆ ನೀನು ಹತ್ತೋ ಮುಂಚೆ ನಾನೇ ನೋಡ್ತೀನಿ."

ಅವಳು ಹಿಂದೆ ಕೂತಳು. ಅಣ್ಣ ಹಳೆ ಚೈನನ್ನು ಕೈಯಲ್ಲೇ ಹಿಡಿದು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ಆ ಹಿಂದಿನ ಸೀಟನ್ನೇ ನೋಡುತ್ತ ನಿಂತಿದ್ದ.

ಓದುವವರೇ, ನಿಮ್ಮ ಬೈಕಿನ ಹಿಂದೆ ಯಾರು ಕೂರುತ್ತಾರೆ? ಇವತ್ತೇ ಎಂಜಿನ್ ಆಫ್ ಮಾಡಿ ಚೈನನ್ನೊಮ್ಮೆ ಎಳೆದು ನೋಡಿ. ಅರ್ಧ ಹಲ್ಲು ಕಂಡರೆ ಬದಲಾಯಿಸಿ. ಚೈನು ಅಂಗಡಿಯಲ್ಲಿ ಸಿಗುತ್ತದೆ, ಹಿಂದೆ ಕೂತವರು ಸಿಗುವುದಿಲ್ಲ.