ಚುಂಚಿಲ್ಲದ ಗಿಳಿ

ಕರ್, ಕರ್ ಎಂಬ ಸಣ್ಣ ಸದ್ದು. ನಿಂತಿತು, ಮತ್ತೆ ಬಂತು. ಆಲಮೇಲದ ಆ ಮನೆಯಲ್ಲಿ ರಾತ್ರಿ ಏನೇ ಸದ್ದಾದರೂ ಮೊದಲು ಎಚ್ಚರವಾಗುತ್ತಿದ್ದುದು ಸುರೇಖಾಳಿಗೆ. ಗಂಡನನ್ನು ಎಬ್ಬಿಸದೆ, ಮೊಬೈಲಿನ ಬೆಳಕು ಹಿಡಿದು ಪಡಸಾಲೆಗೆ ಬಂದಳು.

ಅತ್ತೆ ಇಂದ್ರಾಬಾಯಿ ಎದ್ದು ಕುಳಿತಿದ್ದಳು. ಹೊದ್ದಿದ್ದ ಹೊಸ ಕೌದಿಯ ಒಂದು ಮೂಲೆಯನ್ನು ತೊಡೆಯ ಮೇಲೆಳೆದುಕೊಂಡು ಉಗುರಿನಿಂದ ಹೊಲಿಗೆಯ ಗುಂಟ ಕೆರೆಯುತ್ತಿದ್ದಳು.

"ಇಲಿ ಅನ್ಕೊಂಡೆನ್ರಿ ಅತ್ತಿ."

"ಇಲಿ ಅಲ್ಲವಾ, ಗಿಳಿ."

ಸುರೇಖಾ ಮೊಬೈಲಿನ ಬೆಳಕನ್ನು ಕೌದಿಯಿಂದ ಪಕ್ಕಕ್ಕೆ ತಿರುಗಿಸಿದಳು.

ದೀಪಾವಳಿ ಮುಗಿದ ಮೇಲೆ ಕೌದಿ ಹೊಲಿಯುವ ಶೆಟ್ಟೆವ್ವ ಬಂದಾಗ, ಪೆಟ್ಟಿಗೆಯಲ್ಲಿದ್ದ ಹಳೆ ಸೀರೆಗಳ ಗಂಟನ್ನು ಸುರೇಖಾ ಬಿಚ್ಚಿ ನೋಡದೆ ಕೊಟ್ಟುಬಿಟ್ಟಿದ್ದಳು. ಅದರ ನಡುವೆ ಅತ್ತೆಯ ತವರಿನ ಇಳಕಲ್ ಸೀರೆ ಇತ್ತು. ಹೆಣ್ಣು ಮಣ್ಣಿಗೆ ಹೋಗುವಾಗ ತವರಿನ ಸೀರೆ ಉಡಿಸಬೇಕು. ತಾಯಿ ಸೆರಗಿಗೆ ಗಿಳಿಗಳ ಕಸೂತಿ ಹಾಕಿ ಕೊಟ್ಟದ್ದನ್ನು ಅತ್ತೆ ಆ ದಿನಕ್ಕೆಂದೇ ಉಡದೆ ಎತ್ತಿಟ್ಟಿದ್ದಳು. ಇನ್ನೊಂದು ತಂದುಕೊಡಲು ದೇವರ ಹಿಪ್ಪರಗಿಯ ಆ ತವರುಮನೆಯಲ್ಲಿ ಈಗ ಯಾರೂ ಉಳಿದಿರಲಿಲ್ಲ.

ಹೊಲಿದು ಬಂದ ಕೌದಿಯ ಮೂಲೆಯಲ್ಲಿ ಗಿಳಿ ಕಂಡಾಗಲೇ ಸುರೇಖಾಳಿಗೆ ತಿಳಿದದ್ದು. ಸಿಂದಗಿಗೆ ಹೋಗಿ ಅದೇ ಬಣ್ಣದ ಸೀರೆ ತಂದು, ಮೆತ್ತಗಾಗಲೆಂದು ತಿರುತಿರುಗಿ ಒಗೆದು, ಪೆಟ್ಟಿಗೆಯ ತಳದಲ್ಲಿಟ್ಟಳು. ಚಳಿಗೆಂದು ಗಂಡ ಸಿದ್ಧರಾಮ ಆ ಕೌದಿಯನ್ನೇ ಅವ್ವನಿಗೆ ಹೊದಿಸಿದಾಗ ಬೇಡವೆನ್ನಲೂ ಆಗಲಿಲ್ಲ.

"ಇದಕ್ಕ ಚುಂಚಿಲ್ಲ ನೋಡು," ಎಂದಳು ಅತ್ತೆ. "ನಮ್ಮವ್ವಗ ಆವಾಗ್ಲೇ ಕಣ್ಣು ಮಂಜಾಗಿದ್ವು. ಎಳಿ ತಪ್ಪಿಸಿದ್ಲು."

"ನನ್ನಿಂದ ತಪ್ಪಾತ್ರಿ ಅತ್ತಿ. ನೋಡದನ ಕೊಟ್ಟೆ."

"ಪೆಟಿಗ್ಯಾಗಿಂದು ಮುಟ್ಟಿದಾಗನ ತಿಳೀತು. ಎಷ್ಟು ಸಲ ಒಗದೀ? ಪಾಪ, ಉಡೂಕಿಂತ ಮೊದ್ಲ ಮುದಿ ಆಗೇತಿ."

ಸುರೇಖಾಳಿಗೆ ನಗು ಬರಲಿಲ್ಲ. "ಬೈರಿ ಬೇಕಾದ್ರ."

"ಬೈದ್ರ ಕಾವೇರಿ ಕಿವಿಗೆ ಬೀಳ್ತೈತಿ. ಆಕಿ ನಿನ್ನ ಬಾಳೇವು ಮಾಡಾಕ ಬಿಡಂಗಿಲ್ಲ." ಕಾವೇರಿ ಅತ್ತೆಯ ಮಗಳು, ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಮುದುಕಿ ಕೌದಿಯನ್ನು ಮತ್ತೆ ಎದೆಗೆಳೆದುಕೊಂಡಳು. "ನೀ ತಂದದ್ದನ್ನ ಉಡಸು. ಇದನ್ನ ಕೆಳಗ ಹಾಸು. ನಮ್ಮವ್ವನ ಕೈ ಬೆನ್ನಿಗಿರಲಿ."

ಸಂಕ್ರಾಂತಿ ಕಾಣದೆ ಇಂದ್ರಾಬಾಯಿ ಹೋದಳು. ಅವ್ವನಿಗೆ ಉಡಿಸಿದ್ದ ಸೀರೆಯ ಸೆರಗು ಹಿಡಿದು ಕಾವೇರಿ, "ನಮ್ಮಾಯಿ ಕೊಟ್ಟ ಸೀರಿ" ಎಂದು ಹಾಡ್ಯಾಡಿಕೊಂಡು ಅತ್ತಳು. ಅಜ್ಜಿಯ ಸೀರೆಯನ್ನು ಆಕೆ ಎಂದೂ ಬಿಚ್ಚಿ ನೋಡಿದವಳಲ್ಲ. ಸುರೇಖಾ ಕೌದಿ ತಂದು ಅತ್ತೆಯ ಕೆಳಗೆ ಹಾಸತೊಡಗಿದಾಗ ಅಳು ನಿಂತಿತು.

"ವೈನಿ, ಅದನ್ಯಾಕ ಮಣ್ಣಾಗ ಹಾಕ್ತೀರಿ? ಅವ್ವನ ಸೀರಿ ಅವು. ನನಗ ಕೊಡ್ರಿ, ನೆನಪಿಗಿರ್ತೈತಿ."

"ಬ್ಯಾಡ ಕಾವೇರಿ. ಅವರ ಹಂತ್ಯಾಕ ಇರಲಿ."

"ಅವ್ವಂದು ಒಂದು ಚಿಂದಿನೂ ನನಗ ಸೇರಗೊಡಂಗಿಲ್ಲ ನೀವು."

ನೆರೆದ ಹೆಂಗಸರೆಲ್ಲ ಸುರೇಖಾಳ ಮುಖ ನೋಡಿದರು. ಸಿದ್ಧರಾಮನೂ ನೋಡಿದ. ತವರಿನ ಸೀರೆ ಈ ಕೌದಿಯೊಳಗಿದೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅದನ್ನು ಅವಳು ಇವತ್ತಷ್ಟೇ ಅಲ್ಲ, ಎಂದಿಗೂ ಯಾರಿಗೂ ಹೇಳುವುದಿಲ್ಲ. ಬಗ್ಗಿ, ಕೌದಿಯ ಆ ಮೂಲೆಯನ್ನು ಬೆರಳಿನಿಂದ ಹುಡುಕಿ, ಗಿಳಿ ಮೇಲಕ್ಕೆ ಬರುವಂತೆ ಮಗುಚಿ, ಅತ್ತೆಯ ಬೆನ್ನಡಿಗೆ ಮೆಲ್ಲಗೆ ಸರಿಸಿದಳು.