ತೋಡದ ತಗ್ಗು

ಅವ್ವನ ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಮುಂದೆ ಮೊಣಕಾಲೂರಿ ಸಪ್ನಾ ಒಂದೊಂದೇ ಬೆರಳನ್ನು ಎತ್ತುತ್ತಿದ್ದಳು. ಅಂಗೈಯಲ್ಲಿ ಇಷ್ಟಲಿಂಗ ಇಡಬೇಕಿತ್ತು. ಸ್ವಾಮಿಗಳು ವಿಭೂತಿ ಹಿಡಿದು ಕಾಯುತ್ತಿದ್ದರು. ಕಿರುಬೆರಳು ಬಿಟ್ಟಿತು, ಉಂಗುರದ ಬೆರಳು ಬಿಟ್ಟಿತು. ಉಳಿದವು ಒಮ್ಮೆಲೇ ತೆರೆದುಕೊಂಡಾಗ ಅಂಗೈಗೆ ಅಡ್ಡವಾಗಿ ಸುಟ್ಟು ಕಪ್ಪಾದ ಗೆರೆ ಕಂಡಿತು.

"ಕಾಕಾ, ಏನಿದು?"

ತಂದೆಯ ತಮ್ಮ ಗುರುಪುತ್ರಪ್ಪ ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಂಡ. "ಬಚ್ಚಲದಾಗ ಕಾಲ ಜಾರಿ ಬಿದ್ದಾಳವ್ವಾ. ಹಿಡಕೊಳ್ಳಾಕ ಹೋಗಿ ಏನೋ ತಾಗೇತಿ."

"ಬಿದ್ರ ಕೈ ಸುಡತೈತೇನು?"

"ಸಾವಕಾಶ ಮಾತಾಡು. ಮಂದಿ ಕೂತಾರ."

ನಿನ್ನೆ ಸಂಜೆ ಖಾನಾಪುರದಲ್ಲಿದ್ದ ಅವಳಿಗೆ ಅವನು ಫೋನು ಮಾಡಿ ಹೇಳಿದ್ದೂ ಇದನ್ನೇ: ಕಾಲು ಜಾರಿತು, ಎದೆ ಒಡೆಯಿತು. ಮೊದಲ ಬಸ್ಸಿಗೆ ವಡಗಾವಿಗೆ ಬಂದಿಳಿದ ಸಪ್ನಾ ಅದನ್ನು ನಂಬಿಯೂ ಇದ್ದಳು. ಈಗ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ಪ್ರಸಾದ, ಬಚ್ಚಲದಾಗ ಆ ಹೊಸಾ ಗೀಜರ್ ಯಾರು ಕೂಡಿಸಿದ್ರು?"



*

ಸಪ್ನಾಳ ಅವ್ವ ಗಂಗಾದೇವಿ ಎಂದರೆ ಆ ಓಣಿಗೆ ಬರುವ ಗೌಂಡಿ, ಬಡಿಗ, ನಳದವರಿಗೆಲ್ಲ ನಡುಕ. ಪಾರಿಶ್ವಾಡದ ಒಕ್ಕಲು ಮನೆಯಿಂದ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಮಗ್ಗ ಬಿಟ್ಟು ಏಳುವವನಲ್ಲ. ಸೋರುವ ಮಾಳಿಗೆ, ಮುರಿದ ಕದ, ಕಟ್ಟಿದ ಮೋರಿ ಎಲ್ಲ ಇವಳ ಪಾಲಿನವು. ಅವನು ತೀರಿಕೊಂಡ ಮೇಲೂ ಹಾಗೇ ನಡೆಯಿತು.

ಹೊಸ ಬಚ್ಚಲಮನೆ ಕಟ್ಟಿದಾಗ ಗೌಂಡಿ ಲಕ್ಷ್ಮಪ್ಪ ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಂದು ಕೊಡ ನೀರು ತಂದು ನೆಲಕ್ಕೆ ಸುರಿದಿದ್ದಳು. ನೀರು ಹರಿದು ಹೋಗದೆ ಮೂಲೆಯಲ್ಲಿ ನಿಂತಿತು.

"ಒಡಿ," ಅಂದಳು.

"ಒಂದೀಟ ನಿಂತೈತಿ. ಅಷ್ಟಕ್ಕ ಒಡಿ ಅಂತೀರಲ್ಲ ಅವ್ವಾರ."

"ಸೀರಿಯೊಳಗ ಒಂದ ಎಳಿ ತಪ್ಪಿದ್ರ ಸಾವಕಾರ ನಮ್ಮ ಮಾರಿ ಮ್ಯಾಲ ಒಗೀತಾನ. ನಿನ್ನ ಕೆಲಸ ನಾ ಯಾಕ ಹಂಗ ತಗೋಬೇಕು?"

ಲಕ್ಷ್ಮಪ್ಪ ಕರಣಿ ಎಸೆದು ಬೈಯುತ್ತ ಹೋದ. ಮರುದಿನ ಬಂದು ಒಡೆದು ಕಟ್ಟಿದ. ಆಮೇಲೆ ಯಾರಾದರೂ ಕೇಳಿದರೆ, "ಆಕಿ ಬಾಯಿ ಕೆಟ್ಟ. ಬಚ್ಚಲ ಮಾತ್ರ ನೋಡಿ ಬರ್ರಿ," ಅನ್ನುತ್ತಿದ್ದ.

ಓಣಿಯವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಮನೆಯಲ್ಲಿ ಏನಾದರೂ ಕೆಟ್ಟಾಗ ಮಾತ್ರ, "ಚಲೋ ಮನಷ್ಯಾ ಯಾರದಾರ ಹೇಳ ಗಂಗಕ್ಕಾ," ಎಂದು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ವೈರಿಂಗ್ ಅಂದರೆ ಅವಳು ಹೇಳುತ್ತಿದ್ದದ್ದು ಒಂದೇ ಹೆಸರು, ಖಾನಾಪುರದ ಈರಯ್ಯ. ಅವನೂ ಮುಂಗೋಪಿ. ಇಬ್ಬರೂ ಅಂಗಳದಲ್ಲಿ ನಿಂತು ಜಗಳಾಡಿದರೆ ಪಕ್ಕದ ಮನೆಯ ಮಗ್ಗಗಳ ಸದ್ದೂ ಅಡಗುತ್ತಿತ್ತು. ಆದರೆ ಅವನು ಹಚ್ಚಿದ ದೀಪ ಕೆಟ್ಟದ್ದಿಲ್ಲ.

*

ಪ್ರಸಾದನ ಬಸುರಿ ಹೆಂಡತಿಯ ಕುಬಸಕ್ಕೆ ಧಾರವಾಡದ ಬೀಗರು ಬರುವವರಿದ್ದರು. ಅಷ್ಟರಲ್ಲಿ ಮನೆಗೆ ಗೀಜರ್ ಆಗಬೇಕೆಂದು ಪ್ರಸಾದ ಹಟ ಹಿಡಿದಿದ್ದ. ಈರಯ್ಯನಿಗೆ ಪಾರಿಶ್ವಾಡದಲ್ಲಿ ಕೆಲಸ ನಡೆದಿತ್ತು.

"ಇದನ್ನ ಬಿಟ್ಟ ಬರಾಕ ಆಗಂಗಿಲ್ಲ," ಅಂದಿದ್ದ ಫೋನಿನಲ್ಲಿ. "ಅಷ್ಟರಾಗ ಹಿತ್ತಲದಾಗ ಒಂದ ತೆಗ್ಗ ತೋಡಿಸಿ ಇಡ್ರಿ. ಇದ್ದಲಿ, ಉಪ್ಪ ಹಾಕಿ ಅರ್ಥಿಂಗ್ ಮಾಡಬೇಕು, ಕರೆಂಟ ಸೋರಿದ್ರ ನೆಲಕ್ಕ ಇಳೀಬೇಕಲ್ಲ. ಅದಿಲ್ಲದ ಗೀಜರ್ ಹಚ್ಚಬ್ಯಾಡ್ರಿ."

ಪ್ರಸಾದ ತನ್ನ ಗೆಳೆಯ ಗಜಾನನನನ್ನು ಕರೆದುಕೊಂಡು ಬಂದ. ಕರೆದ ದಿನವೇ ಬರುತ್ತಾನೆ, ನಗುತ್ತ ಮಾತಾಡುತ್ತಾನೆ, ಬೇಗ ಮುಗಿಸುತ್ತಾನೆ ಎಂದು ಅವನಿಗೆ ಓಣಿಯಲ್ಲಿ ಹೆಸರಿತ್ತು.

"ತೆಗ್ಗ ಗಿಗ್ಗ ಏನ ಬ್ಯಾಡ್ರಿ ಅವ್ವಾರ. ಅದೆಲ್ಲಾ ಹಳೀ ಕಾಲದ್ದು," ಅಂದ ಅವನು. ಅರ್ಥಿಂಗಿಗೆ ಹೋಗಬೇಕಿದ್ದ ಗೀಜರಿನ ಹಸಿರು ವೈರನ್ನು ಕತ್ತರಿಸಿ ಗೋಡೆಯ ತೂತಿನೊಳಗೆ ತುರುಕಿ ಮೇಲೆ ಸಿಮೆಂಟು ಮೆತ್ತಿದ.

ಗಂಗಾದೇವಿ ನೋಡುತ್ತಲೇ ಇದ್ದಳು. "ಆ ಹಸರ ವೈರ್ ಯಾತಕ್ಕ ಕೊಟ್ಟಿರತಾರ? ತಗಿ ಹೊರಗ. ಈರಯ್ಯ ಬರೂತನಕ ಯಾರೂ ಇದನ್ನ ಮುಟ್ಟೂದ ಬ್ಯಾಡ."

ಬೀಗರು ಆಗಲೇ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಪ್ರಸಾದ ಅವರಿಗೂ ಕೇಳುವ ಹಾಗೆ ಅಂದ: "ಸಾಕ ಮಾಡವ್ವಾ. ನಿನ್ನ ಬಾಯಿಗಂಜಿ ಒಬ್ಬ ಕೆಲಸದಾಂವನೂ ನಮ್ಮ ಕಟ್ಟಿ ಹತ್ತಂಗಿಲ್ಲ. ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ."

ಅವಳು ಬೀಗರ ಕಡೆ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ.

ಕುಬಸ ಮುಗಿದು ಬೀಗರು ಹೊರಟುಹೋದ ಮರುದಿನ ಸೊಸೆ ಗೀಜರನ್ನು ಮೊದಲ ಸಲ ಹಚ್ಚಿ, ಟಾವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. "ತಡಿಯವ್ವಾ," ಅಂದಳು ಗಂಗಾದೇವಿ. "ನೀರ ಭಾಳ ಕಾದಾವೇನೋ. ನಾ ಮೊದಲ ನೋಡತೀನಿ."

*

ಸೊಸೆ ಅದನ್ನು ಅಳುತ್ತ ಸಪ್ನಾಗೆ ಹೇಳಿ ಮುಗಿಸುವಾಗ ಗಜಾನನ ದೊಡ್ಡದೊಂದು ಹಾರ ಹಿಡಿದು ಅಂಗಳಕ್ಕೆ ಬಂದ. ಭಜನೆಯವರು ಸರಿದು ದಾರಿ ಕೊಟ್ಟರು.

ಸಪ್ನಾ ಎದ್ದು ಎದುರಿಗೆ ಹೋದಳು. "ಹಾರ ಆಮ್ಯಾಲ ಹಾಕೀಯಂತ. ಮೊದಲ ಇಲ್ಲಿ ಬಾ."

ಬಚ್ಚಲಮನೆ ಅಂಗಳದ ಅಂಚಿಗೇ ಇತ್ತು. ಕೂತ ಮಂದಿಗೆಲ್ಲ ಕಾಣುತ್ತಿತ್ತು. ನಿನ್ನೆ ಕೆಳಗೆ ಇಳಿಸಿದ್ದ ಮೇನ್ ಸ್ವಿಚ್ಚನ್ನು ಸಪ್ನಾ ಮೇಲೆತ್ತಿದಳು. ಗೀಜರಿನ ಕೆಂಪು ದೀಪ ಹತ್ತಿತು.

"ನಳ ಹಿಡಿ."

ಗಜಾನನ ಸುತ್ತ ನೋಡಿದ. "ಅಕ್ಕಾರ, ಇಂಥಾ ಹೊತ್ತಿನ್ಯಾಗ..."

"ನೀನ ಕೂಡಿಸಿದ್ದಲ್ಲ? ಹಿಡಿ."

"ಟೆಸ್ಟರ್ ಮನ್ಯಾಗ ಐತ್ರಿ. ತಂದ ನೋಡತೀನಿ."

"ನಮ್ಮವ್ವನ ಕೈಯಾಗ ಟೆಸ್ಟರ್ ಕೊಟ್ಟ ಹೋಗಿದ್ದೇನು?"

ಹೆಂಗಸರ ನಡುವಿನಿಂದ ಪಕ್ಕದ ಮನೆಯ ಭೀಮಕ್ಕ ಎದ್ದಳು. "ಹಿಡಿಯೋ. ಮೊನ್ನಿ ನಮ್ಮ ಮನ್ಯಾಗೂ ವೈರಿಂಗಿನ ಕಟ್ಟಿಗಿ ಪಟ್ಟಿ ಹೊಡದ ಹೋಗೀದಿ. ನಮ್ಮ ಹುಡುಗರು ಮುಟ್ಟೂಕ್ಕಿಂತ ಮೊದಲ ನೀ ಮುಟ್ಟು, ನೋಡೂಣು."

ಗಜಾನನ ಹಿಂದೆ ಸರಿದ. ಅವನ ಕಾಲಿಗೆ ತಾಗಿ ಬಕೆಟ್ ಉರುಳಿತು. ಆಗ ಪ್ರಸಾದ ಅವನನ್ನು ತಳ್ಳಿ ಬಚ್ಚಲೊಳಗೆ ನುಗ್ಗಿದ. "ನಾ ಹಿಡೀತೀನಿ. ಕರಕೊಂಡ ಬಂದಾಂವ ನಾ," ಎಂದು ನಳದ ಕಡೆ ಕೈ ಚಾಚಿದ.

ಸಪ್ನಾ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಅವನ ಕೈ ನಳದ ಮೇಲೆ ಬಿದ್ದಾಗ ಅದು ತಣ್ಣಗಿನ ಕಬ್ಬಿಣವಷ್ಟೇ ಆಗಿತ್ತು. ಅದನ್ನು ಹಿಡಿದುಕೊಂಡೇ ಒದ್ದೆ ನೆಲದ ಮೇಲೆ ಕುಸಿದು ಕುಳಿತ. "ಪೊಲೀಸರನ್ನ ಕರೀರಿ," ಅಂದ. "ನನ್ನ ಹೆಸರೂ ಹೇಳ್ರಿ."

"ಹುಚ್ಚ ಹಿಡದೈತೇನು ನಿಮಗ?" ಗುರುಪುತ್ರಪ್ಪನ ದನಿ ಏರಿತು. "ವಿಭೂತಿ ಹಚ್ಚಿ ಕುಂದರಿಸಿದ ಹೆಣಾನ ಕೊಯ್ಯಾಕ ಕೊಡತೀರಿ? ಮನಿತನದ ಮಾನ ಏನಾಗಬೇಕು?"

"ಕೊಯ್ಯಲಿ ಕಾಕಾ," ಅಂದಳು ಸಪ್ನಾ. "ಜನ್ಮಪೂರ್ತಿ ಆಕಿ ಯಾರ ಕೆಟ್ಟ ಕೆಲಸಾನೂ ಮುಚ್ಚಿಡಾಕ ಬಿಡಲಿಲ್ಲ. ಈಗ ಇವನ ಕೆಲಸದ ಮ್ಯಾಲ ಆಕೀನ್ನ ಹಾಕಿ ಮುಚ್ಚತೀರೇನು?"

ಸ್ವಾಮಿಗಳು ವಿಭೂತಿಯ ತಟ್ಟೆಯನ್ನು ಕೆಳಗಿಟ್ಟರು. ಗಜಾನನ ಹಾರವನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಹೊರಟಾಗ ಇಬ್ಬರು ಗಂಡಸರು ಎದ್ದು ಅಡ್ಡ ನಿಂತರು.

*

ಪೊಲೀಸರು ಬಂದರು, ಗಜಾನನನನ್ನು ಕರೆದೊಯ್ದರು. ಆಸ್ಪತ್ರೆಯಿಂದ ಹೆಣ ಮರಳಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗಂಗಾದೇವಿಗೆ ಮತ್ತೊಮ್ಮೆ ವಿಭೂತಿ ಹಚ್ಚಿ, ಮತ್ತೊಮ್ಮೆ ಕೂಡಿಸಿ ರುದ್ರಭೂಮಿಗೆ ಒಯ್ದರು.

ಕುಳಿಯೊಳಗೆ ಬಿಲ್ವಪತ್ರಿ ಬಿತ್ತು. ಮೊದಲ ಹಿಡಿ ಮಣ್ಣು ಹಾಕಲು ಪ್ರಸಾದ ಬಾಗಿದಾಗ ಸಪ್ನಾ ಬಾಜು ನಿಂತಿದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅವತ್ತ ಒಂದ ಸಣ್ಣ ತೆಗ್ಗ ತೋಡಸಾಕ ಬ್ಯಾಸರಾತು ನಿನಗ," ಅಂದಳು. "ಇವತ್ತ ನೋಡ, ಎಂಥಾದ್ದ ತೋಡಿಸಿದಿ."

ಪ್ರಸಾದ ಹಿಡಿ ಮಣ್ಣು ಹಾಕಿದ. ಕುಳಿ ತೋಡಿದವನ ಕೈಯಿಂದ ಸಲಿಕೆ ಕಸಿದುಕೊಂಡು ಮಣ್ಣು ಎಳೆಯತೊಡಗಿದ. ಬಿಡಿಸಲು ಬಂದವರನ್ನು ಮೊಣಕೈಯಿಂದ ದೂಡಿದ. ಕುಳಿ ತುಂಬುವವರೆಗೂ ಸಲಿಕೆ ಬಿಡಲಿಲ್ಲ.

ಮಣ್ಣು ಮುಗಿಸಿ ಓಣಿಗೆ ಮರಳಿದಾಗ ಎಲ್ಲರೂ ಮೈ ತೊಳೆದುಕೊಳ್ಳಬೇಕಿತ್ತು. ಭೀಮಕ್ಕ ತನ್ನ ಕಟ್ಟೆಯ ಮುಂದೆ ಮೂರು ಕಲ್ಲು ಹೂಡಿ ದೊಡ್ಡ ಹಂಡೆ ಏರಿಸಿದ್ದಳು. ಓಣಿಯ ಹೆಂಗಸರು ಬಕೆಟ್ ಹಿಡಿದು ಸುತ್ತ ನಿಂತಿದ್ದರು. ಭೀಮಕ್ಕನ ಮನೆಯ ತೆರೆದ ಬಾಗಿಲೊಳಗಿನ ಗೋಡೆಯ ಮೇಲೆ ಉದ್ದಕ್ಕೂ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಗಜಾನನ ಹೊಡೆದು ಹೋಗಿದ್ದ ವೈರಿಂಗಿನ ಕಟ್ಟಿಗೆಯ ಪಟ್ಟಿಗಳನ್ನು ಅವಳು ಕಿತ್ತು ತಂದು ಮೊಣಕಾಲಿಗೆ ಕೊಟ್ಟು ಮುರಿದು ಮುರಿದು ಹಂಡೆಯ ಕೆಳಗೆ ಒಟ್ಟುತ್ತಿದ್ದಳು. ಉರಿಯೊಳಗೆ ಮೊಳೆಗಳು ಕೆಂಪಗಾಗಿ, ಪಟ್ಟಿ ಬೂದಿಯಾದಂತೆಲ್ಲ ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು.